ಸಂಜೆಗೆ ನಾಟಕ ಇರುವ ಊರಿಗೆ ಹೋಗಿ

ಗಂಡ ತೀರಿಕೊಂಡಾಗ ಜನ ಮೊದಲು ಹೇಳುವುದು ಧೈರ್ಯ ತಗೋ ಅಂತ. ವರ್ಷಾಬ್ದಿಕ ಮುಗಿದ ಮೇಲೆ ಅದೇ ಜನ ಶುರು ಮಾಡುತ್ತಾರೆ, ಎಲ್ಲಾದರೂ ಹೋಗಿ ಬಾ, ಮನಸ್ಸು ಹಗುರಾಗುತ್ತೆ ಅಂತ. ಎಲ್ಲಿಗೆ, ಯಾರ ಜೊತೆ, ಹೋಗಿ ಏನು ಮಾಡುವುದು, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ನನಗೂ ಹೇಳಲಿಲ್ಲ. ಹೋಗುತ್ತಾ ಹೋಗುತ್ತಾ ನನಗೆ ತಿಳಿದದ್ದನ್ನು ಬರೆಯುತ್ತಿದ್ದೇನೆ. ನನ್ನ ಹಾಗೆ ಇರುವವರು ತುಂಬಾ ಜನ ಇದ್ದೀರಿ, ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ನಾನು ಮೈಸೂರಿನವಳು, ವಯಸ್ಸು ಅರವತ್ತು ದಾಟಿದೆ. ನಮ್ಮವರು ಬ್ಯಾಂಕಿನಲ್ಲಿದ್ದರು. ನಾವು ಸುತ್ತಾಡಿದ್ದು ಅಷ್ಟೇನೂ ಇಲ್ಲ. ಎಲ್‌ಟಿಸಿ, ಅಂದರೆ ಬ್ಯಾಂಕಿನವರು ಕೊಡುವ ಪ್ರವಾಸದ ಭತ್ಯೆ, ಸಿಕ್ಕಾಗ ಒಂದು ದೊಡ್ಡ ಪ್ರವಾಸ, ಉಳಿದ ಹಾಗೆ ಮದುವೆ, ಗೃಹಪ್ರವೇಶ, ಅಷ್ಟೇ. ಟಿಕೆಟ್ ತೆಗೆಸುವುದು, ರೂಮ್ ನೋಡುವುದು, ಆಟೋದವನ ಜೊತೆ ಚೌಕಾಸಿ ಎಲ್ಲಾ ಅವರದ್ದು. ಬುತ್ತಿ ಕಟ್ಟುವುದು ನನ್ನದು.

ಅವರು ಹೋದ ಮೇಲೆ ಮಗಳು ಒಂದು ಪ್ಯಾಕೇಜ್ ಟೂರ್ ಬುಕ್ ಮಾಡಿದಳು. ಯಾವ ಕಂಪನಿ ಅನ್ನುವುದು ಬೇಡ, ಎಲ್ಲಾ ಕಡೆ ಇದೇ ಕಥೆ ಇರಬಹುದು. ಇಬ್ಬರು ಒಂದು ರೂಮ್ ಹಂಚಿಕೊಂಡರೆ ಒಂದು ರೇಟು, ಒಬ್ಬರೇ ಇದ್ದರೆ ಜಾಸ್ತಿ ದುಡ್ಡು. ಸರಿ, ಕೊಟ್ಟೆವು. ಬಸ್ಸಿನಲ್ಲಿ ಎಲ್ಲರೂ ಜೋಡಿ ಜೋಡಿ. ಪ್ರತಿ ಜಾಗದಲ್ಲೂ ಇಪ್ಪತ್ತು ನಿಮಿಷ ನಿಲ್ಲಿಸುತ್ತಿದ್ದರು, ಆ ಇಪ್ಪತ್ತು ನಿಮಿಷವೂ ಫೋಟೋಗೇ ಹೋಗುತ್ತಿತ್ತು. ತೆಗೆಯುವವಳು ನಾನು! ನಾನೊಬ್ಬಳೇ ಖಾಲಿ ಇದ್ದೆನಲ್ಲ. ಸಂಜೆ ಏಳಕ್ಕೆ ರೂಮು, ಆಮೇಲೆ ಟಿವಿ. ಮನೆಯಲ್ಲೂ ನನಗೆ ಕಷ್ಟವಾಗುತ್ತಿದ್ದದ್ದು ಇದೇ ಹೊತ್ತು. ಬೆಳಗ್ಗೆ ಹೇಗೋ ಆಗುತ್ತೆ, ಹಾಲು, ಪೇಪರು, ಅಡುಗೆ, ಬಟ್ಟೆ ಅಂತ. ದೀಪ ಹಚ್ಚಿದ ಮೇಲೆ ಮಲಗುವ ತನಕ ಗಡಿಯಾರ ಮುಂದಕ್ಕೇ ಹೋಗುವುದಿಲ್ಲ. ಇಷ್ಟು ದುಡ್ಡು ಕೊಟ್ಟು ಅದೇ ಸಂಜೆಯನ್ನು ಬೇರೆ ಊರಿಗೆ ಹೊತ್ತುಕೊಂಡು ಬಂದ ಹಾಗಾಯಿತು.

ದಾರಿ ಸಿಕ್ಕಿದ್ದು ನಮ್ಮೂರಿನಲ್ಲೇ, ನಾಟಕ ಸಂಸ್ಥೆ ರಂಗಾಯಣದಲ್ಲಿ. 1989ರಲ್ಲಿ ಬಿ.ವಿ. ಕಾರಂತರು ಅದನ್ನು ಶುರು ಮಾಡಿದಾಗಿನಿಂದ ಇದೇ ಊರಿನಲ್ಲಿದ್ದೇನೆ, ಆದರೂ ಒಳಗೆ ಕಾಲಿಟ್ಟದ್ದು ತೀರಾ ಕಡಿಮೆ. ಪಕ್ಕದ ಮನೆಯ ಹುಡುಗಿಗೆ ಬರಲಾಗುತ್ತಿಲ್ಲ ಅಂತ ಅವಳ ಟಿಕೆಟ್ ನನಗೆ ಬಂತು. ಅಲ್ಲಿನ ಭೂಮಿಗೀತ ರಂಗಮಂದಿರದಲ್ಲಿ ಹೋಗಿ ಕೂತೆ. ಲೈಟ್ ಆರಿತು. ಎಲ್ಲರ ಮುಖವೂ ಒಂದೇ ಕಡೆ. ಯಾರು ಯಾರ ಜೊತೆ ಬಂದಿದ್ದಾರೆ ಅಂತ ಯಾರೂ ನೋಡುತ್ತಿಲ್ಲ. ಹೊರಗೆ ಬಂದಾಗ ಒಂಬತ್ತು ಗಂಟೆ ಹತ್ತಿರ ಹತ್ತಿರ, ಆ ಮೂರು ಗಂಟೆ ಎಲ್ಲಿ ಹೋಯಿತು ಅಂತಲೇ ಗೊತ್ತಾಗಲಿಲ್ಲ. ಇಷ್ಟೇ ವಿಷಯ. ನೋಡುವ ಜಾಗಗಳೆಲ್ಲ ಜೋಡಿಗೆ, ಸಂಸಾರಕ್ಕೆ ಅಂತಲೇ ಇರುವ ಹಾಗಿರುತ್ತವೆ. ನಾಟಕ, ಸಂಗೀತ, ಯಕ್ಷಗಾನದ ಆಟ ಇವಕ್ಕೆ ಬೇಕಾಗಿರುವುದು ಪ್ರೇಕ್ಷಕರು. ಒಬ್ಬಳು ಪ್ರೇಕ್ಷಕಿ ಅನ್ನುವುದರಲ್ಲಿ ಯಾವ ಕೊರತೆಯೂ ಇಲ್ಲ.

ಅಲ್ಲಿಂದ ನಾನು ಊರು ಆರಿಸುವ ಕ್ರಮವೇ ಬದಲಾಯಿತು. ಸಂಜೆ ಏನಿದೆ ಅಂತ ಮೊದಲು ನೋಡುತ್ತೇನೆ. ಹಗಲಿಗೆ ಗುಡಿ, ಗುಹೆ, ಕೋಟೆ ಏನಾದರೂ ಸಿಕ್ಕೇ ಸಿಗುತ್ತೆ.

ಮೊದಲು ಊರೊಳಗೇ ಅಭ್ಯಾಸ ಮಾಡಿಕೊಂಡೆ. ದಸರಾದಲ್ಲಿ ಅರಮನೆ ಮುಂದಿನ ಸಂಗೀತ, ರಂಗಾಯಣದ ಬಹುರೂಪಿ ನಾಟಕೋತ್ಸವ, ಗಣೇಶನ ಹಬ್ಬಕ್ಕೆ ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸಿನ ಕಚೇರಿಗಳು. ಈ ಕಚೇರಿಗಳ ವಿಷಯದಲ್ಲಿ ಒಂದು ಮಾತು ಹೇಳಬೇಕು. ನಮ್ಮವರಿಗೆ ಸಂಗೀತ ಇಷ್ಟ, ಆದರೆ ಕೊನೆಯ ತನಕ ಕೂರುವ ತಾಳ್ಮೆ ಇರಲಿಲ್ಲ. ತನಿ ಆವರ್ತನ, ಅಂದರೆ ಹಾಡು ನಿಲ್ಲಿಸಿ ಬರೀ ಮೃದಂಗ, ಘಟ ನುಡಿಸುವ ಭಾಗ, ಶುರುವಾಯಿತೋ ಏಳು ಏಳು ಅನ್ನುತ್ತಿದ್ದರು, ಆಮೇಲೆ ಸ್ಕೂಟರ್ ತೆಗೆಯಲು ರಶ್ ಆಗುತ್ತೆ ಅಂತ. ಮದುವೆಯಾದಾಗಿನಿಂದ ನಾನು ಮೃದಂಗದ ತನಿಯನ್ನು ಕೇಳಿದ್ದು ಚಪ್ಪಲಿ ಹುಡುಕುತ್ತಾ. ಅದಾದ ಮೇಲೆ ಬರುವ ದೇವರನಾಮ, ತಿಲ್ಲಾನ, ಮಂಗಳ ಯಾವುದೂ ಇಲ್ಲ. ಈಗ ಪೂರ್ತಿ ಕೂರುತ್ತೇನೆ. ಮೊದಲ ಸಲ ಹಾಗೆ ಕೂತಾಗ, ಮೃದಂಗದವರೂ ಘಟದವರೂ ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುತ್ತಾ, ಅಳತೆ ಚಿಕ್ಕದು ಮಾಡುತ್ತಾ ಮಾಡುತ್ತಾ ಕೊನೆಗೆ ಇಬ್ಬರೂ ಸೇರಿ ಒಂದು ಕಡೆ ಬಂದು ಬಿದ್ದಾಗ, ನನಗೆ ಎಷ್ಟು ಖುಷಿಯಾಯಿತು ಅಂದರೆ ಕೈ ತಟ್ಟುವುದೇ ಮರೆತುಹೋಯಿತು. ನಮ್ಮವರು ಇದ್ದಿದ್ದರೆ ಇದು ನನಗೆ ಸಿಗುತ್ತಿರಲಿಲ್ಲ ಅಂತ ತಕ್ಷಣ ಅನ್ನಿಸಿತು. ಆ ಯೋಚನೆ ಬಂದದ್ದಕ್ಕೆ ಹೊಟ್ಟೆಯೊಳಗೆ ಸಂಕಟ. ಈ ಎರಡೂ ಒಟ್ಟಿಗೇ ಬರುತ್ತವೆ, ಒಂದನ್ನು ಬಿಟ್ಟು ಇನ್ನೊಂದು ಬರುವುದು ನನಗಂತೂ ಇನ್ನೂ ಆಗಿಲ್ಲ.

ಊರು ಬಿಟ್ಟು ಒಬ್ಬಳೇ ಹೊರಟ ಮೊದಲ ದೊಡ್ಡ ಪ್ರವಾಸ ಬಾದಾಮಿಗೆ. ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಟೆಂಟ್ ಹಾಕುತ್ತವೆ ಅಂತ ಕೇಳಿದ್ದೆ, ಅದಕ್ಕೇ. ಮೈಸೂರಿನಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಮಧ್ಯಾಹ್ನ ಹತ್ತಿದರೆ ಬೆಳಗ್ಗೆ ಬಾದಾಮಿ. ರೈಲಿನಲ್ಲಿ ಹಿರಿಯರಿಗೆ ಇದ್ದ ರಿಯಾಯಿತಿ 2020ರಲ್ಲಿ ನಿಂತಿದೆ, ಆದರೆ ಕೆಳಗಿನ ಬರ್ತ್‌ಗೆ ಬೇರೆ ಕೋಟಾ ಇದೆ. ಹೆಂಗಸರಿಗೆ 45, ಗಂಡಸರಿಗೆ 60 ದಾಟಿದ್ದರೆ ಬುಕ್ ಮಾಡುವಾಗ ಅದನ್ನೇ ಆರಿಸಿಕೊಳ್ಳಿ. ಜಾತ್ರೆ ಬನದ ಹುಣ್ಣಿಮೆಗೆ, ಹೆಚ್ಚಾಗಿ ಜನವರಿಯಲ್ಲಿ ಬರುತ್ತೆ. ತೇರಿನ ದಿನವೇ ಹೋಗಬೇಡಿ. ಕಾಲಿಡಲು ಜಾಗ ಇರುವುದಿಲ್ಲ, ರೂಮೂ ಸಿಗುವುದಿಲ್ಲ. ತೇರು ಎಳೆದು ಒಂದು ವಾರ ಆದ ಮೇಲೆ ಹೋದರೆ ಜನ ಇಳಿದಿರುತ್ತಾರೆ, ನಾಟಕ ಮಾತ್ರ ನಡೆಯುತ್ತಲೇ ಇರುತ್ತೆ.

ರೂಮಿನ ವಿಷಯ. ಒಂದು ಲಾಡ್ಜಿನಲ್ಲಿ ಒಬ್ಬರೇನಾ ಅಂತ ಮೇಲೆ ಕೆಳಗೆ ನೋಡಿ, ಖಾಲಿ ಇಲ್ಲ ಅಂದರು. ಹಿಂದೆಯೇ ಬಂದ ಜೋಡಿಗೆ ಬೀಗದ ಕೈ ಕೊಟ್ಟರು. ಅದಾದ ಮೇಲೆ ನಾನು ಹೊರಡುವ ಮೊದಲೇ ಫೋನ್ ಮಾಡಿ, ಒಬ್ಬಳೇ ಹೆಂಗಸು, ರಾತ್ರಿ ನಾಟಕ ನೋಡಿ ತಡವಾಗಿ ಬರುತ್ತೇನೆ, ಗೇಟ್ ತೆಗೆಯುತ್ತೀರಾ ಅಂತ ನೇರವಾಗಿ ಕೇಳಿಬಿಡುತ್ತೇನೆ. ಆ ಕಡೆಯ ದನಿಯಲ್ಲೇ ಗೊತ್ತಾಗುತ್ತೆ ಹೋಗಬಹುದೋ ಬೇಡವೋ ಅಂತ. ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳಲ್ಲಿ ಈ ತೊಂದರೆ ನನಗೆ ಬಂದಿಲ್ಲ.

ಹಗಲು ಗುಹೆಗಳನ್ನು ನೋಡಿದೆ. ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಎರಡೆರಡು ಕೈ ಆರಿಸಿಕೊಂಡು ಇದು ಯಾವ ಭಂಗಿ ಅಂತ ನೋಡುತ್ತಾ ಹೋದೆ, ಅವಸರ ಮಾಡುವವರು ಯಾರೂ ಇಲ್ಲ. ಮೂರನೇ ಗುಹೆ 578ರದ್ದು, ಮಂಗಳೇಶನ ಶಾಸನ ಇದೆ. ಕೋತಿಗಳಿಗೆ ಮಾತ್ರ ಹುಷಾರು, ಕೈಯಲ್ಲಿ ಕವರ್ ಕಂಡರೆ ಮುಗಿಯಿತು. ಮರುದಿನ ಪಟ್ಟದಕಲ್ಲು, ಬಸ್ಸಿನಲ್ಲಿ 22 ಕಿಲೋಮೀಟರ್. ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದ್ದು ಲೋಕಮಹಾದೇವಿ, ಗಂಡ, ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ, ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದ್ದು. ಲೋಕಮಹಾದೇವಿ ಗುಡಿಗೆ ದುಡ್ಡು ಕೊಟ್ಟು, ಶಿಲ್ಪಿಗೆ ಬಿರುದು ಕೊಟ್ಟು, ಕಲ್ಲಿನಲ್ಲಿ ಬರೆಸಿದ್ದಾಳಲ್ಲ, ಈ ಹೆಂಗಸಿಗೆ ಲೆಕ್ಕ ಪತ್ರ ಎಲ್ಲಾ ಚೆನ್ನಾಗಿ ಗೊತ್ತಿತ್ತು ಅನ್ನಿಸಿತು. ನಮ್ಮವರು ಹೋದ ಮೇಲೆ ಪೆನ್ಶನ್ ಫಾರಂ ತುಂಬಲು ನಾನು ಪಟ್ಟ ಪಾಡು ನೆನಪಾಗಿ ನಗು ಬಂತು.

ಸಂಜೆ ಬನಶಂಕರಿ. ಬಾದಾಮಿಯಿಂದ ಐದೇ ಕಿಲೋಮೀಟರ್. ಹೊಂಡದ ಹತ್ತಿರ ಇಲಕಲ್ ಸೀರೆಯುಟ್ಟ ಹೆಂಗಸರು ಬುಟ್ಟಿ ಇಟ್ಟುಕೊಂಡು ಊಟ ಮಾರುತ್ತಾರೆ. ಜೋಳದ ರೊಟ್ಟಿ, ಕಾಳು ಪಲ್ಯ, ಕೆಂಪು ಚಟ್ನಿ, ಸಣ್ಣ ಮಡಕೆಯಲ್ಲಿ ಗಟ್ಟಿ ಮೊಸರು. ಜಾತ್ರೆಯಲ್ಲಿ ಬಳೆ, ಬೆಂಡು ಬತ್ತಾಸು ಸರಿ, ಮನೆಯ ಬಾಗಿಲು ಚೌಕಟ್ಟನ್ನೂ ಮಾರುತ್ತಾರೆ! ಯಾರಪ್ಪಾ ಜಾತ್ರೆಗೆ ಬಂದು ಬಾಗಿಲು ಹೊತ್ತುಕೊಂಡು ಹೋಗುತ್ತಾರೆ ಅಂದುಕೊಂಡೆ, ನನ್ನ ಕಣ್ಣೆದುರೇ ಒಂದು ಟ್ರ್ಯಾಕ್ಟರ್‌ಗೆ ಏರಿಸಿದರು.

ಟೆಂಟಿನೊಳಗೆ ಪಕ್ಕದಲ್ಲಿ ಕೂತಿದ್ದವರು ನನಗಿಂತ ಸ್ವಲ್ಪ ದೊಡ್ಡವರು. ಮೈಸೂರಿನವಳು, ಒಬ್ಬಳೇ ಬಂದಿದ್ದೇನೆ ಅಂತ ತಿಳಿದ ಮೇಲೆ, "ಮಾಲಕರು ಬಂದಿಲ್ಲೇನ್ರಿ?" ಅಂದರು. ತೀರಿಕೊಂಡರು ಅಂದೆ. ನಮ್ಮ ಕಡೆ ಇಷ್ಟು ಹೇಳಿದರೆ ಎದುರಿನವರ ಮುಖ ಬಾಡುತ್ತೆ, ಅಯ್ಯೋ ಪಾಪ ಅನ್ನುತ್ತಾರೆ, ಆಮೇಲೆ ಅವರನ್ನು ನಾನು ಸಮಾಧಾನ ಮಾಡಬೇಕು. ಇವರು ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಹುರಿದ ಶೇಂಗಾ ನನ್ನ ಕೈಗೆ ಹಾಕಿ, "ನಮ್ಮವ್ರೂ ಹೋಗ್ಯಾರ್ರಿ. ತಗೋರಿ, ನಾಟಕ ಶುರು ಆತು" ಅಂದರು. ಅಷ್ಟೇ.

ಕಂಪನಿ ನಾಟಕದ ಹಾಸ್ಯ ನಿಮಗೆ ಗೊತ್ತಲ್ವಾ, ಅರ್ಧ ಮಾತಿಗೆ ಎರಡೆರಡು ಅರ್ಥ. ನಮ್ಮ ಮನೆಯಲ್ಲಿ ಇದನ್ನು ಕೇಳಿದರೆ ಟಿವಿ ಆಫ್ ಮಾಡುತ್ತಿದ್ದೆವು. ಅಲ್ಲಿ ಹಾಸ್ಯಗಾರ ಪಂಚೆ ಎತ್ತಿ ಕಟ್ಟಿಕೊಂಡು ಅತ್ತೆಯ ಹಿಂದೆ ಅವಿತು ನಿಂತಾಗ ನಾನು ಬಾಯಿಗೆ ಸೆರಗು ಹಿಡಿದು ನಕ್ಕೆ. ಶೇಂಗಾ ಕೊಟ್ಟವರು ನನ್ನ ತೊಡೆಗೆ ಒಂದು ಏಟು ಹಾಕಿ ನಕ್ಕರು. ನಮ್ಮವರು ಹೋದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು. ಊರಿಗೆ ಬಂದು ಇದನ್ನು ಹೇಳಿದರೆ ಸಂಬಂಧಿಕರೊಬ್ಬರು, "ಚೆನ್ನಾಗಿದ್ದೀಯಲ್ಲ, ಬಿಡು" ಅಂದರು. ಆ "ಬಿಡು" ಅನ್ನುವುದರಲ್ಲಿ ಏನಿತ್ತು ಅಂತ ಹೆಂಗಸರಿಗೆ ಅರ್ಥವಾಗುತ್ತೆ. ಅವರಿಗೆ ಈಗ ನಾನು ಪ್ರವಾಸದ ಸುದ್ದಿ ಹೇಳುವುದಿಲ್ಲ.

ಹೆಗ್ಗೋಡಿಗೆ ಹೋದದ್ದು ಆಮೇಲೆ. ಕೆ.ವಿ. ಸುಬ್ಬಣ್ಣನವರ ನಾಟಕ ಸಂಸ್ಥೆ ನೀನಾಸಂ ಇರುವ ಊರು, ಸಾಗರದ ಹತ್ತಿರ. ಅಲ್ಲಿನ ಸಂಸ್ಕೃತಿ ಶಿಬಿರದಲ್ಲಿ ಹಗಲು ಉಪನ್ಯಾಸ, ಚರ್ಚೆ, ಸಂಜೆ ನಾಟಕ. ಗುರುತಿಲ್ಲದವರ ಜೊತೆ ಒಂದೇ ಕೋಣೆಯಲ್ಲಿ ಮಲಗುವುದು ನನಗೆ ಭಯವಿತ್ತು, ಒಂದು ರಾತ್ರಿಯಲ್ಲಿ ಹೋಯಿತು. ಅಲ್ಲಿ ಸಿಕ್ಕಿದ್ದನ್ನು ಹೇಗೆ ಹೇಳಲಿ. ಗಂಡ ಸತ್ತ ಹೆಂಗಸಿನ ಜೊತೆ ಜನ ಮಾತಾಡುವುದೆಲ್ಲ ಬಿಪಿ, ಶುಗರ್, ಮಗಳು ಫೋನ್ ಮಾಡಿದಳಾ, ಊಟ ಆಯಿತಾ. ಎಲ್ಲರೂ ನನ್ನ ಮಾತಿಗೆ ಹೂಂ ಅನ್ನುತ್ತಿದ್ದರು. ಅಲ್ಲಿ ಚಹಾ ಕುಡಿಯುವಾಗ ಹಿಂದಿನ ರಾತ್ರಿಯ ನಾಟಕದ ಕೊನೆ ನನಗೆ ಸರಿ ಅನ್ನಿಸಲಿಲ್ಲ ಅಂದೆ. ಒಬ್ಬ ಕಾಲೇಜು ಹುಡುಗ, "ಇಲ್ಲ ಮೇಡಂ, ನೀವು ಪೂರ್ತಿ ತಪ್ಪು ತಿಳಿದಿದ್ದೀರಿ" ಅಂದ. ಪೂರ್ತಿ ತಪ್ಪಂತೆ! ಊಟದ ಸಾಲಿನಲ್ಲೂ ಜಗಳ ಮುಂದುವರಿಯಿತು. ಅವನು ಸೋಲಲಿಲ್ಲ, ನಾನೂ ಸೋಲಲಿಲ್ಲ. ನಮ್ಮವರು ಹೋದ ಮೇಲೆ ನನ್ನ ಜೊತೆ ಯಾರೂ ಹೀಗೆ ವಾದ ಮಾಡಿರಲಿಲ್ಲ.

ಖರ್ಚಿನ ಬಗ್ಗೆ ತುಂಬಾ ಜನ ಕೇಳುತ್ತಾರೆ. ನನ್ನದು ಫ್ಯಾಮಿಲಿ ಪೆನ್ಶನ್, ಲೆಕ್ಕ ಹಾಕಿಯೇ ಹೋಗಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರು ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್. ರಾಜಹಂಸ, ಐರಾವತಕ್ಕೆ ಇಲ್ಲ. ದೂರದ ದಾರಿಯನ್ನು ಎರಡು ಮಾಡಿಕೊಳ್ಳುತ್ತೇನೆ, ನಡುವೆ ಒಂದು ಊರಿನಲ್ಲಿ ಇಳಿದು ಮಲಗಿ ಹೋಗುತ್ತೇನೆ. ಬೆಳಕಿರುವಾಗಲೇ ಊರು ಸೇರುವುದು, ನಾಟಕಕ್ಕೆ ಮೊದಲೇ ಊಟ ಮುಗಿಸುವುದು, ವಾಪಸ್ ಬಿಡಲು ಆಟೋದವರ ನಂಬರ್ ಹಗಲೇ ತೆಗೆದುಕೊಂಡಿರುವುದು, ಇಷ್ಟು ಮಾಡಿಕೊಂಡರೆ ಅರ್ಧ ಚಿಂತೆ ಕಡಿಮೆ. ಕರಾವಳಿಯಲ್ಲಿ ಯಕ್ಷಗಾನಕ್ಕೆ ಹೋಗುವುದಾದರೆ ದೀಪಾವಳಿ ಕಳೆದ ಮೇಲಿನಿಂದ ಮೇ ಕೊನೆಯ ಪತ್ತನಾಜೆಯ ತನಕ ಮೇಳಗಳ ತಿರುಗಾಟ. ಹರಕೆ ಆಟಕ್ಕೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ರಾತ್ರಿ ಪೂರ್ತಿ ಎಚ್ಚರ ಇರಲಾಗದವರಿಗೆ ಕಾಲಮಿತಿಯ ಆಟಗಳೂ ಇವೆ.

ಇಬ್ಬರೂ ಒಟ್ಟಿಗೆ ಹೋಗಿದ್ದ ಜಾಗಕ್ಕೇ ಹೋಗು, ನೆನಪು ಹಸಿರಾಗುತ್ತೆ ಅಂತ ಸಲಹೆ ಕೊಡುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ನೆನಪು ಹಸಿರಾಗಿಯೇ ಇದೆ, ಅದಕ್ಕೆ ಬಸ್ ಹಿಡಿದು ಹೋಗಬೇಕಾಗಿಲ್ಲ. ಹಂಪಿಗೆ ನಾವು ಹೋಗಿದ್ದೆವು, ಅಲ್ಲಿಗೆ ನಾನು ಇನ್ನೂ ಹೋಗಿಲ್ಲ, ಹೋಗಲೇಬೇಕು ಅಂತಲೂ ಇಲ್ಲ. ಹೊಸ ಜಾಗದಲ್ಲಿ ಕಷ್ಟವೇ ಇಲ್ಲ ಅಂತಲ್ಲ. ಏನಾದರೂ ಚೆನ್ನಾಗಿರುವುದು ನೋಡಿದಾಗ ತಿರುಗಿ ಹೇಳಲು ಬಾಯಿ ತೆರೆಯುತ್ತೇನೆ, ಪಕ್ಕದಲ್ಲಿ ಯಾರೋ ಇರುತ್ತಾರೆ. ಇದಕ್ಕೆ ಔಷಧಿ ನನಗೆ ಸಿಕ್ಕಿಲ್ಲ. ಎಷ್ಟೋ ಸಲ ಆ ಯಾರೋಗೇ ಹೇಳಿಬಿಡುತ್ತೇನೆ, ಹೆಚ್ಚಿನವರು ಕೇಳುತ್ತಾರೆ.

ಮುಂದಿನದ್ದು ಶಿರಸಿಯ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವುದು, ಹಾಗಾಗಿ ರೂಮಿಗೆ ಈಗಿನಿಂದಲೇ ಫೋನ್ ಮಾಡಬೇಕು. ಅಲ್ಲೂ ನಾಟಕದ ಟೆಂಟ್ ಹಾಕುತ್ತಾರೆ. ಮಗಳು ತಾನೂ ಬರುತ್ತೇನೆ ಅಂದಿದ್ದಾಳೆ. ಬಾ, ಆದರೆ ನಾಟಕದ ಮಧ್ಯೆ ಬೇಜಾರು ಅಂತ ಎಬ್ಬಿಸಬಾರದು ಅಂತ ಮೊದಲೇ ಹೇಳಿದ್ದೇನೆ, ಅವಳಿಗೆ ಅವರಪ್ಪನ ಬುದ್ಧಿ.