ಆಮೇಲೆ ಹುಡುಗ ಏನಂದ? ಶಿಕ್ಷಕರ ವಹಿ ಬರೆಯುವ ಬಗೆ

ತರಗತಿಯಲ್ಲಿ ಕಂಡದ್ದು ಕೇಳಿದ್ದು ಬರೆದಿಡಲು ಮೊದಲು ಅಂಗಡಿಯಿಂದ ನೂರು ಪುಟದ ಸಾದಾ ವಹಿ ತನ್ನಿ. ಹಾಜರಿ ಪುಸ್ತಕದ ಜೊತೆ ಕಪಾಟಿನಲ್ಲಿ ಇಡಬೇಡಿ, ನಿಮ್ಮ ಬ್ಯಾಗಿನಲ್ಲೇ ಇರಲಿ. ಯಾಕೆಂದು ಮುಂದೆ ಹೇಳುತ್ತೇನೆ.

ರೋಣ ತಾಲೂಕಿನ ಸರಕಾರಿ ಶಾಲೆಯಲ್ಲಿ ನಾನು ಇಪ್ಪತ್ತೊಂದು ವರ್ಷದಿಂದ ಅಕ್ಕೋರು. ಪಾಠ ಯೋಜನೆ ಒಂದು ದಿನವೂ ತಪ್ಪಿಸಿದವಳಲ್ಲ. ಹಳೆಯವನ್ನೆಲ್ಲ ಒಮ್ಮೆ ತಿರುವಿ ಹಾಕಿದೆ. ಪುಟಪುಟಕ್ಕೂ ಹೆಡ್‌ಮಾಸ್ತರರ ಕೆಂಪು ಸಹಿ ಇತ್ತು, ಒಂದು ಮಗುವಿನ ಹೆಸರೂ ಇರಲಿಲ್ಲ. ವಹಿ ಶುರುವಾದದ್ದು ಅವತ್ತು.

ಬರೆಯಬೇಕಾದದ್ದು ಇಷ್ಟೇ: ಒಂದು ಮಗು, ಒಂದು ಗಳಿಗೆ, ಅದು ಆಡಿದ ಮಾತು ಆಡಿದ ಹಾಗೆಯೇ. "ಮಕ್ಕಳು ಚೆನ್ನಾಗಿ ಸ್ಪಂದಿಸಿದರು" ಎಂಬ ಸಾಲು ಬಂದರೆ ಹೊಡೆದು ಹಾಕಿ. ಅದು ಸಾಹೇಬರಿಗಾಗಿ ಬರೆದದ್ದು.

ನನ್ನ ವಹಿಯ ಒಂದು ಪುಟ ನೋಡಿ. ನಾಗರ ಪಂಚಮಿಯ ಹಿಂದಿನ ವಾರ, ನಾಲ್ಕನೇ ಇಯತ್ತೆ, ಕಳೆಯುವ ಲೆಕ್ಕ. 42ರಲ್ಲಿ 17 ಕಳೆದು ಹುಡುಗ ಪಾಟಿಯ ಮೇಲೆ 35 ಬರೆದಿದ್ದ. ತಿಂಗಳಿಂದ ಇಂಥದೇ ಉತ್ತರ, ತಿಂಗಳಿಂದ ನನ್ನ ತಪ್ಪು ಗುರುತು. ಅವತ್ತು ಯಾಕೋ ಪಕ್ಕದಲ್ಲಿ ಕೂತು ಕೇಳಿದೆ, "ಹ್ಯಾಂಗ ಮಾಡಿದ್ಯೋ ಇದನ್ನ?"

"ಎರಡರಾಗ ಏಳು ಹೋಗಂಗಿಲ್ಲಲ್ರಿ ಅಕ್ಕೋರ. ಅದಕ್ಕ ಏಳರಾಗಿಂದ ಎರಡು ತಗದೆ. ದೊಡ್ಡದರಾಗಿಂದ ಸಣ್ಣದು ತಗೀಬೇಕಂತ ನೀವ ಹೇಳೀರಲ್ಲ?"

ಹೌದು, ಹೇಳಿದ್ದೆ. ಅವನು ಎರಡನೇ ಇಯತ್ತೆಯಲ್ಲಿದ್ದಾಗ, ದಿನಕ್ಕೆ ಹತ್ತು ಸಲ. ಹುಡುಗ ಎರಡು ವರ್ಷ ನನ್ನ ಮಾತು ನಡೆಸಿಕೊಂಡು ಬಂದಿದ್ದ.

ಮರುದಿನ ಹತ್ತು ರೂಪಾಯಿಯ ನಾಲ್ಕು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಕೈಗಿಟ್ಟು ಹದಿನೇಳು ಕೊಡು ಅಂದೆ. ಒಂದು ನೋಟು ಕೊಟ್ಟ. ಇನ್ನೂ ಏಳು ಬೇಕು, ಕೈಯಲ್ಲಿದ್ದ ಚಿಲ್ಲರೆ ಎರಡೇ. "ನೋಟು ಮುರಿಸಬೇಕ್ರಿ" ಅಂದ. ಆವರೆಗೆ ನಾನು "ಪಕ್ಕದ ಮನೆಯಿಂದ ಕಡ ತರಬೇಕು" ಎಂದು ಕಲಿಸುತ್ತಿದ್ದೆ. ಕಡ ತಂದದ್ದನ್ನು ತಿರುಗಿ ಕೊಡಬೇಕು, ಈ ಲೆಕ್ಕದಲ್ಲಿ ಯಾರೂ ಕೊಡುವುದಿಲ್ಲ. ಹತ್ತನ್ನು ಮುರಿಸುವುದು ಅಂದರೆ ನಮ್ಮೂರ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಈಗ ನಮ್ಮ ಶಾಲೆಯಲ್ಲಿ ದಶಕವನ್ನು ಮುರಿಸುತ್ತೇವೆ.

ಎಡಪುಟದಲ್ಲಿ ಮಾತ್ರ ಬರೆಯಿರಿ: ಏನಾಯಿತು, ನಾನೇನು ಮಾಡಿದೆ, ನಾಳೆ ಏನು ಮಾಡಿ ನೋಡುತ್ತೇನೆ. ಬಲಪುಟ ಖಾಲಿ ಇರಲಿ. ಹದಿನೈದು ದಿನ ಬಿಟ್ಟು ಅದೇ ಮಗುವನ್ನು ನೋಡಿ ಅಲ್ಲಿ ತುಂಬಿಸಿ. ನನ್ನ ಬಲಪುಟಗಳಲ್ಲಿ ಅರ್ಧಕ್ಕರ್ಧ "ಫಲ ಕೊಡಲಿಲ್ಲ" ಎಂದೇ ಇದೆ.

ವಾರಕ್ಕೆ ಎರಡು ಸಲ ಸಾಕು. ಬಿಸಿಯೂಟವಾಗಿ ಮಕ್ಕಳು ತಾಟು ತೊಳೆಯುವ ಹೊತ್ತು ನನ್ನದು. ಸಂಜೆ ಗದಗಿನ ಬಸ್ಸಿನಲ್ಲಿ ಬರೆಯುತ್ತೇನೆ ಎಂದುಕೊಳ್ಳಬೇಡಿ. ನಮ್ಮ ರಸ್ತೆಯಲ್ಲಿ ಬರೆದದ್ದನ್ನು ಬರೆದವರೇ ಓದಲಾರರು.

ಒಂದೆರಡು ತಿಂಗಳಾದ ಮೇಲೆ ಶನಿವಾರ ಮಕ್ಕಳು ಹೋದ ಬಳಿಕ ಶಿಕ್ಷಕರೆಲ್ಲ ಅರ್ಧ ತಾಸು ಕೂಡಿ. ಒಬ್ಬರು ಒಂದು ಪುಟ ಓದಬೇಕು, ಉಳಿದವರು ಮೊದಲ ಹತ್ತು ನಿಮಿಷ ಪ್ರಶ್ನೆ ಮಾತ್ರ ಕೇಳಬೇಕು. ಉಪದೇಶ ಬಂದ್. ಈ ಕಟ್ಟಳೆ ಇಲ್ಲದೆ ನಮ್ಮ ಮೊದಲ ಬೈಠಕ್ ಮುರಿದು ಬಿದ್ದಿತ್ತು. ನಾನು ಓದಿ ಮುಗಿಸುವ ಮೊದಲೇ ಒಬ್ಬ ಸರ್ "ಹಂಗಲ್ರಿ ಅಕ್ಕೋರ, ನೀವು ಹಿಂಗ ಮಾಡಬೇಕಿತ್ತು" ಎಂದು ಹಿಡಿದವರು ಚಹಾ ಬರುವವರೆಗೆ ಬಿಡಲಿಲ್ಲ. ಮುಂದಿನ ವಾರ ಯಾರೂ ವಹಿ ತೆಗೆಯಲಿಲ್ಲ.

ಹೆಡ್‌ಮಾಸ್ತರರು ಹೊತ್ತಿಲ್ಲ ಅನ್ನಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೋರಿಸಿ. ಶಿಕ್ಷಕರ ವಾರದ 45 ತಾಸಿನಲ್ಲಿ ಪಾಠದ ತಯಾರಿಯೂ ಸೇರಿದೆ. ನಮ್ಮ ಮಾತು ಯಾರು ಕೇಳುತ್ತಾರೆ ಅನ್ನುವವರಿಗೆ ನಲಿ-ಕಲಿ ನೆನಪಿಸಿ, ಸಣ್ಣ ಇಯತ್ತೆಯ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ಅದು. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ತಾವೇ ಕೂತು ಕಾರ್ಡು ಬರೆದರು. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಹಬ್ಬಿತು. ಆಮೇಲೆ ನಮಗೆ ಕಾರ್ಡು ಕಟ್ಟುಕಟ್ಟಾಗಿ ಮೇಲಿಂದ ಬರತೊಡಗಿದವು, ಆ ಮಾತು ಬೇರೆ.

ಬ್ಯಾಗಿನಲ್ಲಿ ಇಡಿ ಅಂದದ್ದಕ್ಕೆ ಕಾರಣ: ಇಲಾಖೆ ಕರೆದ ಶಿಕ್ಷಕರ ಒಂದು ಸಮಾಲೋಚನಾ ಸಭೆಯಲ್ಲಿ ಉತ್ಸಾಹದಿಂದ ವಹಿ ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ತಿಂಗಳು ಏಳು ಕಾಲಮ್ಮಿನ ನಮೂನೆ ಬಂತು, ಎರಡು ಪ್ರತಿಗಳಲ್ಲಿ. ಅದನ್ನೂ ತುಂಬಿಸಿ ಕೊಟ್ಟೆವು. "ಮಕ್ಕಳು ಚೆನ್ನಾಗಿ ಸ್ಪಂದಿಸಿದರು."

ಮೂರ್ನಾಲ್ಕು ತಿಂಗಳಿಗೊಮ್ಮೆ ವಹಿಯನ್ನು ಮೊದಲಿಂದ ಓದಿ. ಬಿಡಿ ಪುಟದಲ್ಲಿ ಕಾಣದ್ದು ಆಗ ಕಾಣುತ್ತದೆ. ಹೆಸರುಕಾಳು ಬಿಡಿಸುವ ಸುಗ್ಗಿಯ ಪುಟಗಳಲ್ಲಿ ನಮಗೆ ಆರನೇ ಇಯತ್ತೆಯ ಹೆಣ್ಣುಮಕ್ಕಳೇ ಮತ್ತೆ ಮತ್ತೆ ಸಿಕ್ಕರು. ಒಬ್ಬಳು ಕೂಸನ್ನು ಸೊಂಟದ ಮೇಲೆ ಹೊತ್ತು ಬಾಗಿಲಲ್ಲಿ ನಿಂತು "ಇದು ಮಕ್ಕೊಂಡ್ರ ಒಳಗ ಬರ್ತೀನ್ರಿ" ಅಂದದ್ದನ್ನು ಬರೆದಿಟ್ಟಿದ್ದೆ. ತಾಯಿ ನಸುಕಿಗೇ ಹೊಲಕ್ಕೆ, ಕೂಸಿಗೆ ಇನ್ನೂ ಮೂರು ತುಂಬಿಲ್ಲ, ಅಂಗನವಾಡಿಯಲ್ಲಿ ಕೂಡಿಸುವ ಹಾಗಿಲ್ಲ.

ಇಂಥದ್ದು ಎಸ್‌ಡಿಎಂಸಿಗೆ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ಹೋಗಬೇಕು. ಹಾಜರಿಯ ಶೇಕಡಾ ಲೆಕ್ಕ ಒಪ್ಪಿಸಿದರೆ ಎಲ್ಲರೂ ತಲೆಯಾಡಿಸಿ ಏಳುತ್ತಾರೆ. ನಾನು ಆ ಪುಟವನ್ನೇ ಓದಿದೆ. ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು. ನಮ್ಮಲ್ಲೂ ಇದ್ದರು, ಗೋಡೆಗೆ ಆತು ಸೆರಗಿನ ಮರೆಯಲ್ಲಿ. ಅವತ್ತು ಮೊದಲು ಬಾಯಿ ಬಿಟ್ಟವರು ಅವರೇ. ಸುಗ್ಗಿ ಮುಗಿಯುವವರೆಗೆ ಶಾಲೆಯ ಪಡಸಾಲೆಯಲ್ಲಿ ಸೀರೆಯ ಜೋಳಿಗೆ ಕಟ್ಟುವುದು, ಇಬ್ಬರು ಅಜ್ಜಿಯಂದಿರು ಸರದಿಯಲ್ಲಿ ಕೂಡುವುದು ಎಂದು ಠರಾವಾಯಿತು. ಏಳು ಹುಡುಗಿಯರು ಒಳಗೆ ಬಂದು ಕೂತರು. ಜೋಳಿಗೆಯ ಕೂಸುಗಳು ಅತ್ತಾಗ ಪಾಠ ನಿಂತದ್ದೂ ಉಂಟು.

ಆದರೆ ಒಂದು ತಪ್ಪು ಮಾಡಿದ್ದೆ. ಹೆಸರು ಹೇಳದಿದ್ದರೆ ಸಾಕು ಎಂದುಕೊಂಡಿದ್ದೆ. ಊರು ಸಣ್ಣದು, ಯಾರ ಮಗಳೆಂದು ಎಲ್ಲರಿಗೂ ತಿಳಿಯಿತು. ಆ ತಾಯಿ ಎರಡು ವಾರ ನನ್ನ ಮುಖ ನೋಡಲಿಲ್ಲ. ಈಗ ಓದುವ ಮೊದಲು ಮನೆಗೆ ಹೋಗಿ ಕೇಳುತ್ತೇನೆ. ಬ್ಯಾಡ್ರಿ ಅಂದರೆ ಓದುವುದಿಲ್ಲ.

ನಿಮ್ಮದು ಏಕೋಪಾಧ್ಯಾಯ ಶಾಲೆಯಾದರೆ ಪಕ್ಕದ ಊರಿನ ಒಬ್ಬರನ್ನು ಗಂಟು ಹಾಕಿಕೊಳ್ಳಿ. ನನಗೆ ನರಗುಂದದ ಕಡೆಯ ಗೆಳತಿಯೊಬ್ಬಳಿದ್ದಾಳೆ. ರಾತ್ರಿ ರೊಟ್ಟಿ ಬಡಿದಾದ ಮೇಲೆ ಫೋನಿನಲ್ಲಿ ಒಂದು ಪುಟ ಓದುತ್ತೇನೆ. ಆಕೆ ಕೇಳುವುದು ಒಂದೇ, "ಆಮ್ಯಾಲ ಹುಡುಗ ಏನಂದ?" ಗೊತ್ತಿಲ್ಲವೆಂದರೆ ಫೋನು ಇಡುತ್ತಾಳೆ, ನಾಳೆ ಕೇಳಿಕೊಂಡು ಬಾ ಅನ್ನುತ್ತಾಳೆ.