ಹಾವು ಊಟ ಬಿಟ್ಟರೆ, ತಿಂದದ್ದನ್ನು ಕಕ್ಕಿದರೆ

ನಾನಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ಮಗ ಹಟ ಹಿಡಿದು ತರಿಸಿಕೊಂಡ ಬಾಲ್ ಪೈಥಾನ್ ಅನ್ನುವ ಹೆಬ್ಬಾವನ್ನು ಈಗ ನೋಡಿಕೊಳ್ಳುವುದು ನಾನೇ. ಅದರ ಹೆಸರು ಬೆಲ್ಲ. ಚಳಿಗಾಲ ಶುರುವಾದರೆ ಸಾಕು, ಇಲ್ಲಿ ಹಾವು ಸಾಕಿರುವ ನಮ್ಮ ಕಡೆಯವರಿಂದ ಒಂದೇ ಪ್ರಶ್ನೆ: "ಅಕ್ಕಾ, ಹಾವು ಇಲಿ ಮುಟ್ತಾನೇ ಇಲ್ಲ, ಏನು ಮಾಡ್ಲಿ?" ನಾನು ತಿರುಗಿ ಕೇಳುವುದೂ ಒಂದೇ: "ಬಿಸಿ ಕಡೆ ಎಷ್ಟು ಡಿಗ್ರಿ ಇದೆ ನೋಡಿದ್ರಾ?"

ಹಾವು ಮೈಯೊಳಗೆ ತಾನೇ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ. ನುಂಗಿದ ಇಲಿ ಹೊಟ್ಟೆಯಲ್ಲಿ ಕರಗಬೇಕಾದರೆ ಹೊರಗಿನ ಬಿಸಿ ಬೇಕು. ಅದು ಸಾಲದಿದ್ದರೆ ಹಾವು ತಿನ್ನುವುದಿಲ್ಲ. ತಿಂದರೂ ಇಲಿ ಒಳಗೇ ಕೊಳೆಯಲು ಶುರುವಾಗಿ ಹೊರಗೆ ಬರುತ್ತದೆ. ಆದ್ದರಿಂದ ಇಲಿ ಬದಲಾಯಿಸುವ ಮೊದಲು ಥರ್ಮಾಮೀಟರ್ ನೋಡಿ.

ಬಾಲ್ ಪೈಥಾನ್ ಘಾನಾ, ಟೋಗೊ, ಬೆನಿನ್ ಕಡೆಯ ಹಾವು. ಹಗಲೆಲ್ಲ ಇಲಿ ಬಿಲದಲ್ಲೋ ಹುತ್ತದಲ್ಲೋ ಸುತ್ತಿಕೊಂಡು ಮಲಗುವ ಜೀವ. ಟ್ಯಾಂಕಿನ ಒಂದು ಬದಿ 31ರಿಂದ 33 ಡಿಗ್ರಿ ಸೆಲ್ಸಿಯಸ್ ಇರಲಿ, ಅಂದರೆ ಸುಮಾರು 90 ಫ್ಯಾರನ್‌ಹೀಟ್. ಇನ್ನೊಂದು ಬದಿ 25ರಿಂದ 27. ಗಾಜಿಗೆ ಅಂಟಿಸುವ ದುಂಡು ಮೀಟರನ್ನು ನಂಬಬೇಡಿ. ವೈರಿರುವ ಡಿಜಿಟಲ್ ಮೀಟರಿನ ತುದಿಯನ್ನು ಹಾವು ಮಲಗುವ ಜಾಗದಲ್ಲೇ ಇಟ್ಟು ರಾತ್ರಿ ಒಮ್ಮೆ, ಬೆಳಗ್ಗೆ ಒಮ್ಮೆ ನೋಡಿ. ಹೀಟ್ ಮ್ಯಾಟ್ (ಬಿಸಿ ಕೊಡುವ ಹಾಸು) ಇದ್ದರೆ ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇರಲೇಬೇಕು, ಇಲ್ಲದಿದ್ದರೆ ಹಾವಿನ ಹೊಟ್ಟೆ ಸುಡುತ್ತದೆ. ಇಲ್ಲಿ ಮಿಷಿಗನ್‌ನಲ್ಲಿ ಚಳಿಗಾಲದಲ್ಲಿ ಮನೆಯ ಹೀಟರ್ ಗಾಳಿಯನ್ನು ಪೂರ್ತಿ ಒಣಗಿಸಿಬಿಡುತ್ತದೆ. ಟ್ಯಾಂಕಿನೊಳಗೆ ತೇವಾಂಶ ಶೇ. 60ರ ಆಸುಪಾಸಿರಲಿ, ಪೊರೆ ಬಿಡುವಾಗ ಇನ್ನೂ ಸ್ವಲ್ಪ ಜಾಸ್ತಿ.

ಅಡಗಿಕೊಳ್ಳಲು ಎರಡು ಗೂಡು ಬೇಕು, ಬಿಸಿ ಕಡೆ ಒಂದು, ತಂಪು ಕಡೆ ಒಂದು. ಸುತ್ತಿಕೊಂಡು ಕೂತರೆ ಮೈ ಮೂರು ಕಡೆ ತಾಗುವಷ್ಟು ಚಿಕ್ಕದಿರಬೇಕು. ವಿಶಾಲವಾಗಿರಲಿ ಅಂತ ದೊಡ್ಡದು ಕೊಡುತ್ತಾರೆ, ಪಾಪ, ಹಾವಿಗೆ ಅದರಲ್ಲಿ ಧೈರ್ಯ ಬರುವುದಿಲ್ಲ. ಹೆದರಿದ ಬಾಲ್ ಪೈಥಾನ್ ತಿನ್ನುವುದಿಲ್ಲ.

ಇದೆಲ್ಲ ಸರಿಯಿದ್ದೂ ತಿನ್ನದಿದ್ದರೆ? ಮೊದಲು ಕಣ್ಣು ನೋಡಿ. ಕಣ್ಣು ನೀಲಿ ನೀಲಿಯಾಗಿ ಮಂಜು ಕವಿದಂತಿದ್ದರೆ ಪೊರೆ ಬಿಡಲು ತಯಾರಾಗಿದೆ, ಅದು ಮುಗಿಯಲಿ. ಹೊಸದಾಗಿ ತಂದ ಹಾವಾದರೆ ಒಂದು ವಾರ ಕೈ ಹಾಕದೆ ಬಿಡಿ, ಮಕ್ಕಳ ಗೆಳೆಯರಿಗೆಲ್ಲ ತೋರಿಸುವ ಸಡಗರ ಆಮೇಲೆ. ಬೆಳೆದ ಹಾವು, ಅದರಲ್ಲೂ ಗಂಡು, ಚಳಿಗಾಲದ ಬೆದೆಯ ಸಮಯದಲ್ಲಿ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಬೆಲ್ಲನೂ ಹೀಗೇ. ಆಗ ಸುಮ್ನೆ ತೂಕ ನೋಡುತ್ತಿರಿ. ಹಾವಿಗೆಂದೇ ಒಂದು ಗ್ರಾಮ್ ತೂಕದ ಮಷಿನ್ ಇಟ್ಟುಕೊಳ್ಳಿ. ಹಾವನ್ನು ಮುಚ್ಚಳದ ಡಬ್ಬಿಗೆ ಬಿಟ್ಟು ತೂಗಿ, ಡಬ್ಬಿಯ ತೂಕ ಕಳೆಯಿರಿ, ತಾರೀಖು ಹಾಕಿ ಬರೆದಿಡಿ. 1,500 ಗ್ರಾಮಿನ ಹಾವು 1,450 ಆದರೆ ಯೋಚನೆ ಬೇಡ. ಶೇ. 10ರಷ್ಟು ಇಳಿದರೆ, ಇಲ್ಲವೇ ಬೆನ್ನುಮೂಳೆ ಎದ್ದು ಕಂಡರೆ ವೆಟ್ (ಪಶುವೈದ್ಯರ) ಹತ್ತಿರ ಹೋಗಿ. ಮರಿಗಳ ವಿಷಯದಲ್ಲಿ ಇಷ್ಟು ಕಾಯಬಾರದು.

ಇಲಿ ಕೊಡುವ ರೀತಿಯೂ ಮುಖ್ಯ. ನಮ್ಮದು ಸಸ್ಯಾಹಾರಿ ಮನೆ, ಹಾಗಾಗಿ ಇಲಿಗೆ ಗ್ಯಾರೇಜಿನಲ್ಲಿ ಬೇರೆಯೇ ಚಿಕ್ಕ ಫ್ರೀಜರ್. ಜೀವಂತ ಇಲಿ ಬಿಡಬೇಡಿ, ಅದು ಹಾವನ್ನೇ ಕಚ್ಚಿ ಗಾಯ ಮಾಡುತ್ತದೆ. ಫ್ರೀಜರಿನ ಇಲಿಯನ್ನು ಹಿಂದಿನ ರಾತ್ರಿ ಜಿಪ್ ಕವರಿನಲ್ಲಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಡಿ. ಮರುದಿನ ಕತ್ತಲಾದ ಮೇಲೆ ಕವರಿನ ಸಮೇತ ಬಿಸಿನೀರಲ್ಲಿ ಮುಳುಗಿಸಿ. ಮೈಕ್ರೋವೇವ್ ಬೇಡವೇ ಬೇಡ, ಒಡೆದು ಹೋಗುತ್ತದೆ. ಹೊಟ್ಟೆ ಒತ್ತಿ ನೋಡಿ, ಒಳಗೆ ಗಟ್ಟಿ ಇರಬಾರದು. ಮೈ 38 ಡಿಗ್ರಿಯಷ್ಟು, ತಲೆ ಇನ್ನೊಂದಿಷ್ಟು ಬಿಸಿಯಾಗಿರಲಿ. ಈ ಹಾವಿನ ಮೇಲ್ದುಟಿಯಲ್ಲಿ ಸಾಲಾಗಿ ಚಿಕ್ಕ ಕುಳಿಗಳಿವೆ, ಬಿಸಿ ತಿಳಿಯುವುದು ಅದರಿಂದಲೇ. ತಣ್ಣಗಿನ ಇಲಿ ಅದಕ್ಕೆ ಊಟ ಅನ್ನಿಸುವುದೇ ಇಲ್ಲ. ಉದ್ದ ಇಕ್ಕಳದಲ್ಲಿ ಇಲಿಯ ಸೊಂಟ ಹಿಡಿದು, ಗೂಡಿನ ಬಾಯಿಯ ಹತ್ತಿರ ತಲೆ ಮುಂದೆ ಮಾಡಿ ಮೆಲ್ಲಗೆ ಅಲ್ಲಾಡಿಸಿ. ಹಾವಿನ ಕತ್ತು ಎಸ್ ಆಕಾರಕ್ಕೆ ಬಾಗಿ, ನಾಲಿಗೆ ನಿಧಾನವಾಗಿ ಆಡತೊಡಗಿದರೆ ನೀವು ಕದಲಬೇಡಿ. ಹಿಡಿಯದಿದ್ದರೆ ಇಲಿಯನ್ನು ಗೂಡಿನ ಮುಂದೆ ಇಟ್ಟು ದೀಪ ಆರಿಸಿ. ಬೆಳಗ್ಗೆ ಉಳಿದಿದ್ದರೆ ಎಸೆಯಿರಿ, ಮತ್ತೆ ಫ್ರೀಜ್ ಮಾಡಬೇಡಿ. ಮುಂದಿನ ಪ್ರಯತ್ನ ಒಂದು ವಾರ ಬಿಟ್ಟೇ. ದಿನಾ ಇಲಿ ಹಿಡಿದು ಕಾಡಿದರೆ ಹಾವು ಇನ್ನಷ್ಟು ದೂರ ಸರಿಯುತ್ತದೆ. ಬಾಯಿ ಬಿಡಿಸಿ ತುರುಕುವ ಕೆಲಸವನ್ನಂತೂ ವೆಟ್ ಹೇಳದೆ ಮಾಡಕೂಡದು.

ಇಲಿ ಹಾವಿನ ಮೈಯ ತೀರಾ ದಪ್ಪ ಭಾಗದಷ್ಟೇ ದಪ್ಪ ಇದ್ದರೆ ಸಾಕು. ಮರಿಗೆ ವಾರಕ್ಕೊಂದು, ಬೆಳೆದದ್ದಕ್ಕೆ ಎರಡರಿಂದ ನಾಲ್ಕು ವಾರಕ್ಕೊಂದು. ತಿಂದ ಮೇಲೆ ಕಮ್ಮಿ ಅಂದರೂ 48 ಗಂಟೆ ಎತ್ತಬೇಡಿ.

ಇನ್ನು ಕಕ್ಕುವ ವಿಷಯ. ಇದು ಊಟ ಬಿಡುವುದಕ್ಕಿಂತ ಗಂಭೀರ. ಬಿಸಿ ಸಾಲದ್ದು, ಇಲಿ ದೊಡ್ಡದಾದದ್ದು, ತಿಂದ ಕೂಡಲೇ ಎತ್ತಿ ಆಡಿಸಿದ್ದು, ಸಾಮಾನ್ಯ ಕಾರಣಗಳು ಇವೇ. ನಾಯಿ ವಾಂತಿ ಮಾಡಿದ ಹಾಗೆ ಇದನ್ನು ಹಗುರ ಮಾಡಬೇಡಿ. ಹೆಬ್ಬಾವುಗಳ ಜೀರ್ಣಾಂಗ ಉಪವಾಸದಲ್ಲಿ ಕುಗ್ಗಿ, ಊಟ ಬಿದ್ದಾಗ ಮತ್ತೆ ಬೆಳೆಯುತ್ತದೆ. ಬರ್ಮೀಸ್ ಹೆಬ್ಬಾವು ದೊಡ್ಡ ಬೇಟೆ ನುಂಗಿದ ಎರಡು ಮೂರು ದಿನದಲ್ಲಿ ಅದರ ಹೃದಯವೇ ಶೇ. 40ರಷ್ಟು ದೊಡ್ಡದಾಗುತ್ತದೆ ಅಂತ 2005ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ್ದರು. ಅಷ್ಟೆಲ್ಲ ಖರ್ಚು ಮಾಡಿ ಕೊನೆಗೆ ಊಟವೇ ಹೊರಗೆ ಬಂದರೆ ಮೈ ಎಷ್ಟು ಸೋತಿರಬೇಕು, ಅಲ್ವಾ? ನೀರೂ ಹೋಗಿರುತ್ತದೆ, ಅನ್ನನಾಳ ಆಮ್ಲಕ್ಕೆ ಉರಿದಿರುತ್ತದೆ.

ಆದ್ದರಿಂದ ಹಸಿದಿದೆ ಅಂತ ಮರುದಿನ ಇನ್ನೊಂದು ಇಲಿ ಕೊಡಬೇಡಿ. ಟ್ಯಾಂಕ್ ತೊಳೆದು ಹೊಸ ನೀರಿಡಿ, ಬಿಸಿ ಅಳೆಯಿರಿ, ಕನಿಷ್ಠ ಎರಡು ವಾರ ಮುಟ್ಟಬೇಡಿ. ಆಮೇಲೆ ಕೊಡುವ ಇಲಿ ಮಾಮೂಲಿನ ಅರ್ಧದಷ್ಟಿರಲಿ. ಅದು ದಕ್ಕಿದರೆ ನಿಧಾನವಾಗಿ ಹಳೇ ಅಳತೆಗೆ ಬನ್ನಿ. ಮತ್ತೆ ಕಕ್ಕಿದರೆ ವೆಟ್. ಕಕ್ಕುವುದರ ಜೊತೆಗೆ ನಡುಮೈಯಲ್ಲಿ ಗಡ್ಡೆಯಂತೆ ಊದಿದ್ದರೆ ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರಾವಲಂಬಿ ಇರಬಹುದು. ಇದಕ್ಕೆ ಖಾತ್ರಿಯಾದ ಔಷಧಿ ಇಲ್ಲ, ಬೇರೆ ಹಾವಿಗೂ ಹರಡುತ್ತದೆ, ಬ್ಲೀಚಿಗೂ ಜಗ್ಗುವುದಿಲ್ಲ. ಇಕ್ಕಳ, ನೀರಿನ ಬಟ್ಟಲು ಎಲ್ಲ ಬೇರೆ ಮಾಡಿ.

ಮಲ ಹೋಗದಿರುವುದಕ್ಕೆ ಬೇಗ ಗಾಬರಿ ಬೇಡ. ಕೆಲವು ಹಾವು ಎರಡು ಮೂರು ಊಟಕ್ಕೊಮ್ಮೆ ಹೋಗುತ್ತವೆ. ಬಾಲದ ಹತ್ತಿರ ಗಟ್ಟಿ ಉಬ್ಬು ಕಂಡರೆ 29 ಡಿಗ್ರಿಯ ನೀರಲ್ಲಿ, ಹೊಟ್ಟೆ ಮುಳುಗುವಷ್ಟೇ ಆಳದಲ್ಲಿ, ಪಕ್ಕದಲ್ಲೇ ಕೂತು ಇಪ್ಪತ್ತು ನಿಮಿಷ ಬಿಡಿ. ಉಬ್ಬನ್ನು ಒತ್ತಬೇಡಿ. ಗುದದಿಂದ ಕೆಂಪು ಮಾಂಸ ಹೊರಬಂದಿದ್ದರೆ ಒದ್ದೆ ಬಟ್ಟೆ ಸುತ್ತಿ ಅವತ್ತೇ ಆಸ್ಪತ್ರೆಗೆ ಹೊರಡಿ.

ಊರಿಂದ ಬಂದ ದೊಡ್ಡವರು ಪ್ರೀತಿಯಿಂದ ಹಾಲಿಡಲು ಹೊರಡುತ್ತಾರೆ. ಹಾಲು ಹಾವಿನ ಆಹಾರವಲ್ಲ, ಹೊಟ್ಟೆ ಕೆಡುತ್ತದೆ, ನೀರು ಸಾಕು ಅಂತ ಮೆಲ್ಲಗೆ ತಿಳಿಸಿ. ಕರ್ನಾಟಕದಲ್ಲಿ ಓದುತ್ತಿರುವವರಿಗೂ ಒಂದು ಮಾತು: ನಮ್ಮ ನಾಡಿನ ಹಾವುಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನಿನಂಥ ಹೊರದೇಶದ್ದಾದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು.

ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೂಗಲ್ಲಿ ಗುಳ್ಳೆ ಬಂದರೆ, ವಸಡಿನಲ್ಲಿ ಕೀವಿದ್ದರೆ ಊಟದ ಮಾತು ಬಿಟ್ಟು ನೇರ ವೆಟ್. ನಾಯಿ ಬೆಕ್ಕಿನ ವೈದ್ಯರೆಲ್ಲ ಹಾವು ನೋಡುವುದಿಲ್ಲ, ಸರೀಸೃಪ ನೋಡುವವರು ಯಾರು ಅಂತ ಹಾವು ಚೆನ್ನಾಗಿರುವಾಗಲೇ ವಿಚಾರಿಸಿಡಿ. ತೂಕದ ಪುಸ್ತಕ, ಮೀಟರಿನ ಫೋಟೋ ಒಯ್ಯಿರಿ. ತಾಜಾ ಮಲ ಅಥವಾ ಕಕ್ಕಿದ ಇಲಿಯನ್ನು ಜಿಪ್ ಕವರಿನಲ್ಲಿ ತಣ್ಣಗಿಟ್ಟು ಜೊತೆಗೆ ತನ್ನಿ. ಹಾವನ್ನು ದಿಂಬಿನ ಚೀಲಕ್ಕೆ ಬಿಟ್ಟು, ಚೀಲದ ಬಾಯಿ ಕಟ್ಟಿ ಡಬ್ಬಿಯೊಳಗಿಡಿ. ಮುಟ್ಟಿದವರೆಲ್ಲ ಸೋಪು ಹಾಕಿ ಕೈ ತೊಳೆಯಿರಿ, ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಹರಡುತ್ತದೆ. ಚಳಿ ಇದ್ದರೆ ಕಾರನ್ನು ಮೊದಲೇ ಬಿಸಿ ಮಾಡಿಟ್ಟು, ಆಮೇಲಷ್ಟೇ ಡಬ್ಬಿಯನ್ನು ಬಾಗಿಲಿಂದ ಹೊರಗೆ ತನ್ನಿ.