ಮನೆಯೊಳಗಿನ ಕುಂಡದಲ್ಲಿ ಸುಗಂಧರಾಜ

ಎಲೆ ಹುಲುಸಾಗಿ ಬರುತ್ತದೆ, ಹೂ ಮಾತ್ರ ಇಲ್ಲ. ಮನೆಯೊಳಗೆ ಸುಗಂಧರಾಜ ಬೆಳೆಸುವವರ ಮಾಮೂಲಿ ದೂರು ಇದು. ತಕ್ಷಣ ಗೊಬ್ಬರ ಹಾಕುತ್ತಾರೆ. ಕೊರತೆ ಇರುವುದು ಬಿಸಿಲಿನದು. ಮೆಕ್ಸಿಕೊ ಮೂಲದ ಈ ಗಿಡಕ್ಕೆ ದಿನಕ್ಕೆ 5–6 ಗಂಟೆ ನೇರ ಬಿಸಿಲು ಬೇಕು. ನಮ್ಮ ಕಡೆ ಮೇ ತಿಂಗಳಿಂದ ಜುಲೈವರೆಗೆ ನಡು ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ, ದಕ್ಷಿಣದ ಕಿಟಕಿ ಆಗ ಕೆಲಸಕ್ಕೆ ಬಾರದು. ಪೂರ್ವದ ಕಿಟಕಿ ಒಳ್ಳೆಯದು. ಅಲ್ಲೂ ಬಿಸಿಲು ಸಾಲದಿದ್ದರೆ ಹಗಲು ಕುಂಡವನ್ನು ಬಾಲ್ಕನಿಯಲ್ಲಿಟ್ಟು, ಹೂ ಅರಳಿದ ಮೇಲೆ ಸಂಜೆ ಪಡಸಾಲೆಗೆ ತನ್ನಿ. ಪರಿಮಳ ಜೋರಾಗುವುದೇ ಕತ್ತಲಾದ ಮೇಲೆ.

ಗೆಡ್ಡೆ 2–3 ಸೆಂ.ಮೀ. ದಪ್ಪವಿರಲಿ, ಒತ್ತಿದರೆ ಗಟ್ಟಿಯಾಗಿರಲಿ. ಸಣ್ಣವು ಮೊದಲ ವರ್ಷ ಬರೀ ಎಲೆ ಬಿಡುತ್ತವೆ. ಆಗತಾನೇ ಕಿತ್ತ ಗೆಡ್ಡೆಯನ್ನು ಒಂದು ತಿಂಗಳು ನೆರಳಲ್ಲಿ ಒಣಗಲು ಬಿಡಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಅರ್ಕಾ ಪ್ರಜ್ವಲ್ ಒಂಟಿ ಸುತ್ತಿನದು, ಅರ್ಕಾ ಸುವಾಸಿನಿ ಹಲವು ಸುತ್ತಿನದು. ಘಮಕ್ಕೇ ಬೆಳೆಸುವುದಾದರೆ ಒಂಟಿ ಸುತ್ತಿನದನ್ನೇ ತನ್ನಿ.

ದಾವಣಗೆರೆ ಸುತ್ತಿನ ಎರೆ ಮಣ್ಣನ್ನು ಹಾಗೇ ತುಂಬಬೇಡಿ. ನೀರು ಹಿಡಿದಿಟ್ಟು ಗೆಡ್ಡೆ ಕೊಳೆಸುತ್ತದೆ. ಕೆಂಪು ಮಣ್ಣು ಎರಡು ಪಾಲು, ಮರಳು ಒಂದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. 10 ಇಂಚಿನ ಕುಂಡಕ್ಕೆ ಮೂರು ಗೆಡ್ಡೆ, ಚೂಪು ತುದಿ ಮೇಲಾಗಿ, ಸುಮಾರು 5 ಸೆಂ.ಮೀ. ಆಳದಲ್ಲಿ. ನೆಟ್ಟ ದಿನ ಒಮ್ಮೆ ನೀರು ಹಾಕಿ; ಮೊಳಕೆ ಕಾಣುವ ತನಕ ಮಣ್ಣಿಗೆ ಬರೀ ತೇವ ಸಾಕು. ಆಮೇಲೆ ಬೆರಳು ಚುಚ್ಚಿ ನೋಡಿ, ಮೇಲಿನ ಒಂದಿಂಚು ಒಣಗಿದ್ದರೆ ಮಾತ್ರ ನೀರು. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಬೋರ್ ನೀರಿನ ಉಪ್ಪು ಮಣ್ಣಿನ ಮೇಲೆ ಬಿಳಿಯಾಗಿ ಕಟ್ಟಿದರೆ ಮಳೆನೀರನ್ನು ತಳದಿಂದ ಹರಿಯುವಷ್ಟು ಸುರಿಯಿರಿ.

ಹೂದಂಟು ಬರಲು ಸುಮಾರು ಮೂರು ತಿಂಗಳು. ಒಣ ಸೆಕೆಯಲ್ಲಿ ಥ್ರಿಪ್ಸ್ ನುಸಿ ಮೊಗ್ಗಿನೊಳಗೆ ಸೇರಿ ಕಂದು ಗೆರೆ ಮೂಡಿಸುತ್ತದೆ: ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪು ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಬುಡದಲ್ಲಿ ಬಿಳಿ ಬೂಸ್ಟು, ಸಾಸಿವೆಯಂಥ ಕಾಳು ಕಂಡರೆ ಅದು ಬುಡಕೊಳೆ. ಗಿಡವನ್ನು ಮಣ್ಣಿನ ಸಮೇತ ಎಸೆಯುವುದೇ ಲೇಸು.

ಒಮ್ಮೆ ಹೂ ಕೊಟ್ಟ ಗೆಡ್ಡೆ ಮತ್ತೆ ಕೊಡುವುದಿಲ್ಲ, ಮರಿ ಹಾಕುತ್ತದೆ. ಹೂ ಮುಗಿದೊಡನೆ ದಂಟು ಕತ್ತರಿಸಿ, ಎಲೆಗಳನ್ನು ಮುಟ್ಟಬೇಡಿ. ಮರಿ ದಪ್ಪವಾಗುವುದು ಅವುಗಳಿಂದಲೇ. ಎಲೆ ತಾನಾಗಿ ಹಳದಿಯಾದಾಗ ನೀರು ನಿಲ್ಲಿಸಿ, ಗೆಡ್ಡೆ ಕಿತ್ತು, ದಪ್ಪದವನ್ನು ಆರಿಸಿ ಬೇರೆ ಇಡಿ.